ಸ್ಟೇಟರಿನ ಗುಂಡು ಮತ್ತು ನನ್ನ ಎಡಗಾಲು

ನಮ್ಮ ಮನೆಯವರ ಲೆಕ್ಕದಲ್ಲಿ ಈ ಜಗತ್ತಿನಲ್ಲಿರುವುದು ಎರಡೇ: ಸುಟ್ಟ ಮೋಟರು, ಇನ್ನೂ ಸುಡದ ಮೋಟರು. ಪಂಪು, ಮಿಕ್ಸಿ, ಫ್ಯಾನುಗಳ ಬಗ್ಗೆ ಹೀಗೆ ಯೋಚಿಸಿದರೆ ನನ್ನ ತಕರಾರಿಲ್ಲ, ಅದು ಹೊಟ್ಟೆಪಾಡು. ಆದರೆ ಹಾಲು ಕೊಡದ ಹಸು, ಏರು ಹತ್ತದ ಬಸ್ಸು, ಮಾತು ಕೇಳದ ಸರ್ಕಾರ, ಎಲ್ಲಕ್ಕೂ ಅವರ ಬಳಿ ಇರುವುದು ಒಂದೇ ವಿವರಣೆ: "ಒಳಗೆ ಕಾಯಿಲ್ ಹೋಗೈತೆ ಮಾರಾಯ್ತಿ." ಮದುವೆಯಾದಾಗಿನಿಂದ ಇದನ್ನು ಕೇಳುತ್ತ ಬಂದಿದ್ದೇನೆ. ಆ ವಿವರಣೆ ಒಂದು ದಿನ ನನ್ನ ಎಡಗಾಲಿನ ತನಕ ಬರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಸೊರಬದ ಬಸ್ ನಿಲ್ದಾಣದಿಂದ ತುಸು ಮುಂದೆ ಅವರ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟರನ್ನು ಬಿಚ್ಚಿ, ಕರಿಯಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಈ ವಿದ್ಯೆಯನ್ನು ಅವರು ಕಲಿತದ್ದು ನನ್ನ ತವರಾದ ಶಿಕಾರಿಪುರದಲ್ಲಿ, ಒಬ್ಬ ಉಸ್ತಾದರ ಬಳಿ. ಉಸ್ತಾದರು ತೀರಿಕೊಂಡು ಎಷ್ಟೋ ಕಾಲವಾಯಿತು, ಆದರೆ ಅವರು ಹಾಕಿಕೊಟ್ಟ ಎರಡು ಕಟ್ಟಳೆಗಳು ನಮ್ಮ ಮನೆಯಲ್ಲಿ ಇನ್ನೂ ಬದುಕಿವೆ. ಮೊದಲನೆಯದು, ತೇಪೆ ಕೆಲಸ ಮಾಡಬಾರದು. ಮೋಟರಿನಲ್ಲಿ ಒಂದೇ ಒಂದು ಕಾಯಿಲ್ ಸುಟ್ಟಿದ್ದರೂ ಅದೊಂದನ್ನೇ ಬದಲಿಸಿ ಕೊಡುವಂತಿಲ್ಲ, ಪೂರ್ತಿ ಬಿಚ್ಚಿ ಸುತ್ತಬೇಕು. ಇನ್ನೊಂದು, ಗುಂಡು ಓಡಿಸಿ ನೋಡದೆ ಯಾವ ಮೋಟರನ್ನೂ ಗಿರಾಕಿಯ ಕೈಗೆ ಕೊಡಬಾರದು.

ಗುಂಡು ಓಡಿಸುವುದು ಎಂದರೆ ಇಷ್ಟು. ಮೋಟರಿನ ತಿರುಗದ ಭಾಗಕ್ಕೆ ಸ್ಟೇಟರ್ ಅನ್ನುತ್ತಾರೆ. ನಡುವೆ ಟೊಳ್ಳು, ಸುತ್ತಲೂ ತಾಮ್ರದ ಸುರುಳಿಗಳು, ಅವೇ ಕಾಯಿಲುಗಳು. ಆ ಟೊಳ್ಳಿನೊಳಗೆ ಬೇರಿಂಗಿನ ಒಂದು ಉಕ್ಕಿನ ಗುಂಡು ಹಾಕಿ ಹದವಾಗಿ ಕರೆಂಟು ಬಿಟ್ಟರೆ, ಗುಂಡು ತಾನಾಗಿಯೇ ಗೋಡೆಗುಂಟ ಗಿರಗಿರ ಸುತ್ತತೊಡಗುತ್ತದೆ. ಅಯಸ್ಕಾಂತದ ಸೆಳೆತ ಒಂದು ಸುರುಳಿಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ, ಗುಂಡು ಅದರ ಬೆನ್ನು ಹತ್ತುತ್ತದೆ. ಒಂದು ಸುರುಳಿ ತಿರುಗಾಮುರುಗಾ ಆಗಿದ್ದರೂ ಗುಂಡು ನಿಂತಲ್ಲೇ ನಡುಗುತ್ತದೆ. ಮದುವೆಯಾದ ಹೊಸದರಲ್ಲಿ ಇದನ್ನು ತೋರಿಸಲೆಂದೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಬೇರೆಯವರು ಹೊಸ ಹೆಂಡತಿಯನ್ನು ಜೋಗಕ್ಕೆ ಕರೆದುಕೊಂಡು ಹೋಗುತ್ತಾರೆ.

ನಾನು ಆರೋಗ್ಯ ಇಲಾಖೆಯವಳು. ಕ್ಯಾಸನೂರು ಕಡೆಯ ಹಳ್ಳಿಗಳಲ್ಲಿ ಮನೆಮನೆ ತಿರುಗುವ ಕೆಲಸ. ಕಾಡಿಗೆ ಹೋಗುವ ಮುಂಚೆ ಮಂಗನ ಕಾಯಿಲೆ ತರುವ ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತುಬಿದ್ದಿದ್ದರೆ ತಿಳಿಸಿ, ಸಕ್ಕರೆ ಕಾಯಿಲೆಯವರು ದಿನಾ ಪಾದ ನೋಡಿಕೊಳ್ಳಿ ಎಂದು ಹೇಳುತ್ತ ಹೋಗುವುದು. ಹೇಳುವುದು ನನ್ನ ಕೆಲಸ, ಕೇಳದಿರುವುದು ಜನರ ಕೆಲಸ. ನಾವು ಕೊಟ್ಟ ಎಣ್ಣೆಯ ಸೀಸೆಯನ್ನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಯಾಕೆ ಹಚ್ಚಲಿಲ್ಲ ಎಂದರೆ, "ಹಚ್ಚಿದ್ರೆ ಖರ್ಚಾಗ್ತದಲ್ರಾ" ಅನ್ನುತ್ತಾರೆ. ಇಂಥ ಮಾತು ಕೇಳಿ ಕೇಳಿ ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ, ನಿಜವೇ ಇರಬಹುದು.

ನನಗೂ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳಲ್ಲಿ ನಡೆಯುವಾಗ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ಆಮೇಲೆ ಕಿರುಬೆರಳಿನ ಪಕ್ಕ ಚಪ್ಪಲಿ ಕಚ್ಚಿದ ಗಾಯವೊಂದು ಮಾಯಲು ಒಲ್ಲೆ ಅಂದಿತು. ಇದರ ಅರ್ಥವೇನೆಂದು ಊರಿಗೆಲ್ಲ ಹೇಳುವವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ತಡಮಾಡದೆ ತಂಗಿಗೆ ಫೋನ್ ಮಾಡಿದೆ. ಅವಳು ಇರುವುದು ಶಿಕಾರಿಪುರದಲ್ಲೇ. ಅಲ್ಲಿಗೆ ವಾರಕ್ಕೊಮ್ಮೆ ಶಿವಮೊಗ್ಗದಿಂದ ರಕ್ತನಾಳದ ಡಾಕ್ಟರೊಬ್ಬರು ಬರುತ್ತಾರೆ. ನಾನೂ ನಮ್ಮ ಮನೆಯವರೂ ಹೋಗುವಷ್ಟರಲ್ಲಿ ತಂಗಿ ಸರದಿ ಹಿಡಿದು ಕೂತಿದ್ದಳು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೃದು. ಸ್ಕ್ಯಾನ್ ಮಾಡಿ, ತೊಡೆಯಿಂದ ಮೊಣಕಾಲಿನತ್ತ ಇಳಿಯುವ ರಕ್ತನಾಳ ಕಟ್ಟಿಕೊಂಡಿದೆ ಅಂದರು. ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ ಒಂದು ತಂತಿ ತೂರಿಸುತ್ತೇವೆ, ಅದರ ಮೇಲೆ ಸಣ್ಣ ಬಲೂನು ಕಳಿಸಿ ನಾಳವನ್ನು ಹಿಗ್ಗಿಸುತ್ತೇವೆ, ಬೇಕಾದರೆ ಜಾಲರಿಯ ಕೊಳವೆಯೊಂದನ್ನು ಕೂರಿಸುತ್ತೇವೆ ಎಂದು ಕಾಗದದ ಮೇಲೆ ಗೀಚಿ ತೋರಿಸಿದರು. ನನಗೆ ಸಮಾಧಾನವಾಯಿತು. ಆಮೇಲೆ ಪೆನ್ನು ಮುಚ್ಚಿಟ್ಟು, "ಯಜಮಾನ್ರನ್ನ ಒಳಗೆ ಕಳಿಸಿ, ನೀವು ಹೊರಗೆ ಕೂತಿರಿ" ಅಂದರು.

ನಾನು ಹೊರಗೆ ಬಂದು ತಂಗಿಯ ಪಕ್ಕ ಕೂತೆ. ಇವರು ಒಳಗೆ ಹೋದರು. ಖರ್ಚಿನ ಮಾತಿರಬೇಕು, ಗಂಡಸರಿಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಹೊರಗೆ ಬಂದವರೇ ಮೂಲೆಯಲ್ಲಿದ್ದ ಕ್ಯಾನಿನ ನೀರು ಗಟಗಟ ಕುಡಿದು, "ಬರೋ ವಾರಕ್ಕೆ ಶಿವಮೊಗ್ಗದ ಆಸ್ಪತ್ರೇಲಿ ತಾರೀಕು ಕೊಟ್ರು" ಅಂದರು. ಬಸ್ಸಿನಲ್ಲಿ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತರು. ಅಂಗಡಿಯಲ್ಲಿ ಬಿಟ್ಟುಬಂದ ಮೋಟರಿನ ಚಿಂತೆ ಇರಬೇಕು ಎಂದು ನನ್ನ ಲೆಕ್ಕ.

ಆ ವಾರವೇ ಆ ವಿಡಿಯೋ ಬಂತು. ವೈಂಡಿಂಗ್ ಕೆಲಸದವರದೇ ಒಂದು ವಾಟ್ಸಾಪ್ ಗುಂಪಿದೆ. ಸಾಮಾನ್ಯವಾಗಿ ಅದರಲ್ಲಿ ಸುಟ್ಟ ಕಾಯಿಲುಗಳ ಫೋಟೋಗಳು, ಶುಭೋದಯದ ಗುಲಾಬಿಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ದಿನ ಯಾರೋ ಪುಣ್ಯಾತ್ಮರು ಎಲ್ಲಿಯದೋ ಪ್ರಯೋಗಾಲಯದ ಚಿತ್ರ ಕಳಿಸಿದ್ದರು. ಸಾಸಿವೆ ಕಾಳಿನಷ್ಟಿರುವ ಒಂದು ಕರಿ ಮಣಿ, ಅದರೊಳಗೆ ಕಬ್ಬಿಣದ ಪುಡಿ ಮತ್ತು ಔಷಧ. ಗಾಜಿನಲ್ಲಿ ಮಾಡಿದ ರಕ್ತನಾಳ, ಕವಲು ಕವಲಾದದ್ದು. ಸುತ್ತ ದೊಡ್ಡ ದೊಡ್ಡ ಸುರುಳಿಗಳು. ಒಬ್ಬಾತ ಕೈಯಲ್ಲಿ ಸಣ್ಣದೊಂದು ಹಿಡಿಕೆ ತಿರುಗಿಸುತ್ತಾನೆ, ಮಣಿ ಹರಿವಿಗೆ ಎದುರಾಗಿ ಹೋಗಿ, ಕವಲಿನಲ್ಲಿ ಹೇಳಿದ ಕಡೆಗೇ ತಿರುಗಿ, ಹೆಪ್ಪುಗಟ್ಟಿದ ರಕ್ತದ ಮುಂದೆ ನಿಂತು ಕರಗಿ ಔಷಧ ಬಿಡುತ್ತದೆ. ಇದನ್ನು ರೋಬೋ ಅನ್ನುತ್ತಾರಂತೆ. ವಿವರಣೆ ಹಿಂದಿಯಲ್ಲಿ, ಹಿನ್ನೆಲೆಗೆ ಯುದ್ಧದ ಸಿನಿಮಾದ ತಮಟೆ.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಇವರು ಫೋನನ್ನು ನನ್ನ ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದರು.

"ನೋಡಿಲ್ಲಿ, ನೋಡಿಲ್ಲಿ! ಇದು ನಮ್ ಗುಂಡು ಕಣೇ! ಸ್ಟೇಟರ್ ಒಳಗೆ ಓಡಿಸ್ತೀವಲ್ಲ, ಅದೇ! ಇವ್ರು ಎಂತದೂ ಹೊಸದು ಮಾಡಿಲ್ಲ. ಸಣ್ಣ ಗುಂಡು, ದೊಡ್ಡ ಸ್ಟೇಟರ್. ಮನುಷ್ಯನ್ನ ಸ್ಟೇಟರ್ ಒಳಗೆ ಮಲಗ್ಸಿದಾರೆ, ಅಷ್ಟೇ."

ಅದು ಸುಳ್ಳೇನಲ್ಲ. ನೋಡಿದಾಗ ನನಗೂ ಬೆರಗಾಯಿತು. ನಮ್ಮ ಸೊರಬದ ಗ್ರೀಸು ಮೆತ್ತಿದ ಅಂಗಡಿಯಲ್ಲಿ ಗಿರಗಿರ ತಿರುಗುವ ಗುಂಡಿಗೂ ಮನುಷ್ಯನ ರಕ್ತದಲ್ಲಿ ಈಜುವ ಮಣಿಗೂ ಒಂದೇ ನಿಯಮವೇ ಎಂದು ಚಪಾತಿ ಮಗುಚುವುದನ್ನೂ ಮರೆತೆ. ಆದರೆ ಬೆರಗು ಒಂದು ರಾತ್ರಿಯೂ ಬಾಳಲಿಲ್ಲ. ಮರುದಿನ ನನ್ನನ್ನು ಒಂದು ಮಾತೂ ಕೇಳದೆ ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ಮುಂದೂಡಿಸಿದ್ದರು.

"ಯಾರನ್ನ ಕೇಳಿ ಮುಂದಕ್ಕ ಹಾಕಿಸಿದ್ರಿ?" ಅಂದೆ. ಸೊರಬಕ್ಕೆ ಬಂದು ಇಷ್ಟು ವರ್ಷವಾದರೂ ಸಿಟ್ಟು ಬಂದಾಗ ನನ್ನ ನಾಲಿಗೆ ಶಿಕಾರಿಪುರಕ್ಕೇ ಹೋಗುತ್ತದೆ.

"ಸ್ವಲ್ಪ ತಡಿ ಮಾರಾಯ್ತಿ. ಈಗ ಅವ್ರು ಮಾಡೋದು ಎಂತದು? ತೇಪೆ! ಕಟ್ಟಿದ ಜಾಗಕ್ಕೆ ಒಂದ್ ಕೊಳವೆ ಕೂರ್ಸಿ ಕಳಿಸ್ತಾರೆ. ಆಚೆ ಈಚೆ ಹಳೇದೇ ಉಳೀತದಲ್ಲ. ತೇಪೆ ಹಾಕಿದ ಮೋಟರು ವಾಪಸ್ ಬರ್ದೇ ಇರ್ತದಾ? ಈ ಮಣಿ ಬಂದ್ರೆ ಕಾಲೆಲ್ಲ ತಿರುಗಾಡಿ ಪೂರ್ತಿ ಸಾಫ್ ಮಾಡ್ತದೆ."

"ಬಂದ್ರ! ಯಾವಾಗ ಬರತೈತಿ?"

"ಬರ್ತದೆ. ಫೋನಿಗೆ ಬಂದಿದ್ದು ಆಸ್ಪತ್ರೆಗೆ ಬರಕ್ಕೆ ಎಷ್ಟೊತ್ತು?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇವರು ಮದುವೆಯೇ ಇನ್ನೂ ನಿಶ್ಚಯವಾಗದ ಮನೆಯ ಬಾಗಿಲಲ್ಲಿ ಕುಲಾವಿ ಹಿಡಿದು ಕೂತಿದ್ದರು. ಗಟ್ಟಿಯಾಗಿ ಕೂಗಾಡಿದೆ, ಊಟ ಬಿಟ್ಟೆ, ಮಾತು ಬಿಟ್ಟೆ. ಒಂದು ವಾರ, ಒಂದೇ ವಾರ, ವಿಚಾರಿಸಿ ನೋಡ್ತೀನಿ ಎಂದು ಕೈಮುಗಿಯುವಷ್ಟು ಗೋಗರೆದರು. ಅವರು ಹಾಗೆ ಗೋಗರೆಯುವ ಮನುಷ್ಯನಲ್ಲ. ಅದಕ್ಕೇ ಇರಬೇಕು, ಆಗಲಿ ಅಂದುಬಿಟ್ಟೆ.

ಆ ಒಂದು ವಾರದಲ್ಲಿ ಅಂಗಡಿ ಕಾಲೇಜಾಯಿತು. ಮಧ್ಯಾಹ್ನದ ಬುತ್ತಿ ಕೊಡಲು ಹೋದಾಗ ನೋಡುತ್ತೇನೆ, ಬೆಂಚಿನ ಮೇಲೆ ಬಿಚ್ಚಿದ ಸ್ಟೇಟರು, ಅದರೊಳಗೆ ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಸುರುಳಿ ಮಾಡಿ ಕೂರಿಸಿದ್ದಾರೆ. ಪೈಪಿನೊಳಗೆ ನೀರು, ನೀರಿನಲ್ಲಿ ಒಂದು ಸಣ್ಣ ಗುಂಡು. ಒಂದು ಕಡೆ ಬಾಳೆಹಣ್ಣು ಕಿವುಚಿ ತುರುಕಿದ್ದಾರೆ. ಆ ಬಾಳೆಹಣ್ಣು ನಾನು, ಅಂದರೆ ನನ್ನ ಕಾಲು. ಚಹಾದಂಗಡಿಯಿಂದ ಎದ್ದುಬಂದವರು, ಬಸ್ಸು ಕಾಯುತ್ತಿದ್ದವರು, ಜಡೆ ಊರಿನಿಂದ ಪಂಪಿನ ಮೋಟರು ತಂದಿದ್ದ ಒಬ್ಬ ರೈತರು ಸುತ್ತ ನಿಂತಿದ್ದರು.

ಇವರು ಕರೆಂಟು ಕೊಟ್ಟರು. ಸ್ಟೇಟರು ಗುಂಯ್ ಅಂದಿತು. ಗುಂಡು ಪೈಪಿನೊಳಗೆ ಚಂಗನೆ ಓಡಿ ಬಾಳೆಹಣ್ಣಿಗೆ ತಲೆ ಕೊಟ್ಟಿತು.

"ಹೋತು, ಹೋತು!" ಎಂದು ಜನ ಕೂಗಿದರು.

ಎಲ್ಲಿಗೂ ಹೋಗಿರಲಿಲ್ಲ. ಬಾಳೆಹಣ್ಣಿನಲ್ಲಿ ಹೂತುಕೊಂಡು ನಡುಗುತ್ತಿತ್ತು.

"ಇನ್ನೊಂಚೂರು ಆಂಪಿಯರ್ ಕೊಟ್ರೆ ದಾಟ್ತದೆ" ಎಂದು ಇವರು ಗಿರಾಕಿಗಳಿಗೆ ಸಮಾಧಾನ ಹೇಳಿದರು.

ಜಡೆಯವರು ನನ್ನ ಕಡೆ ತಿರುಗಿ, "ಅಮ್ಮಾ, ಅವಸರ ಮಾಡ್ಬೇಡಿ. ಇಷ್ಟ್ ಚೆಂದದ್ದು ಬರ್ತೈತೆ ಅಂದ್ರೆ ಕಾಯೋದೇ ಒಳ್ಳೇದು" ಅಂದರು. ಅದೇ ಉಸಿರಿನಲ್ಲಿ ಇವರ ಕಡೆ ತಿರುಗಿ, "ನಮ್ ಮೋಟರು ಮಾತ್ರ ಸಂಜೆಗೇ ಬೇಕ್ರೀ, ಗದ್ದೆ ಬಿರುಕು ಬಿಡ್ತೈತೆ" ಅಂದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬುತ್ತಿಯನ್ನು ಅವರ ತಲೆಗೆ ಎಸೆಯದೆ ಬೆಂಚಿನ ಮೇಲೆ ಇಟ್ಟದ್ದು ನನ್ನ ದೊಡ್ಡತನ.

"ಸಿಕ್ಕೊಂಡೈತಲ್ಲ, ಈಗ ಅದನ್ನ ಹೊರಗ ತೆಗೆಯೋದು ಹೆಂಗ?" ಎಂದು ಕೇಳಿದೆ.

ಇವರು ಕರೆಂಟು ಆರಿಸಿ, ಹಿಂದಕ್ಕೆ ಎಳೆದು, ಕುಲುಕಿ, ಊದಿ ನೋಡಿದರು. ಬರಲಿಲ್ಲ. ಕೊನೆಗೆ ಬ್ಲೇಡು ತೆಗೆದುಕೊಂಡು ಆ ಜಾಗದಲ್ಲಿ ಪೈಪನ್ನೇ ಕತ್ತರಿಸಿದರು. ಗುಂಡು ಟಣ್ಣನೆ ನೆಲಕ್ಕೆ ಬಿತ್ತು. ಜನ ನಕ್ಕರು. ಇವರು ಮಾತ್ರ ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತುಬಿಟ್ಟರು. ಅವಮಾನವಾಯಿತೇನೋ ಅಂದುಕೊಂಡು ನಾನು ಬಸ್ಸಿಗೆ ಹೊರಟೆ.

ಆಮೇಲೆ ಬೆಂಗಳೂರಿನ ಯಾವುದೋ ಕಾಲೇಜಿನ ನಂಬರು ಹುಡುಕಿ ಫೋನ್ ಮಾಡಿದರು. ಸ್ಪೀಕರಿನಲ್ಲಿ ಒಬ್ಬ ಹೆಣ್ಣುಮಗಳ ದನಿ. ಪಾಪ, ತಾಳ್ಮೆಯಿಂದ ಹೇಳಿದಳು: ಅದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆ, ಕುರಿ, ಹಂದಿಗಳ ಮೇಲೆ ಮಾಡಿ ನೋಡುತ್ತಿದ್ದಾರೆ, ಮನುಷ್ಯರ ಚಿಕಿತ್ಸೆಗೆ ಬರಲು ಇನ್ನೂ ಕಾಲ ಹಿಡಿಯುತ್ತದೆ, ನೀವು ಡಾಕ್ಟರು ಹೇಳಿದ್ದನ್ನೇ ಮಾಡಿಸಿ.

"ಹಂದಿಗೆ ಆಗೋದು ಮನುಷ್ಯಂಗೆ ಆಗಲ್ವಾ ಮೇಡಂ?" ಅಂದರು ಇವರು.

"ಹಂಗಾದ್ರ ನನ್ನ ಹೆಸರನ್ನ ಹಂದಿ ಅಂತ ಬರಸ್ರಿ" ಎಂದು ನಾನು ಒಳಗಿನಿಂದ ಕೂಗಿದೆ. ಆ ಹುಡುಗಿಗೆ ಕೇಳಿಸಿತೋ ಏನೋ, ಫೋನ್ ಇಟ್ಟಳು. ಇವರು ಮತ್ತೊಂದು ವಾರ ಕೇಳಿದರು.

ಇಷ್ಟರಲ್ಲಿ ನನ್ನ ಕಾಲು ಊರ ಮಾತಾಗಿತ್ತು. ತಂಗಿ ದಿನಾ ಫೋನ್ ಮಾಡಿ ಬೈಯುತ್ತಿದ್ದಳು: "ಅಕ್ಕಾ, ಭಾವಾರಿಗೆ ತಲಿ ಕೆಟ್ಟೈತಿ ಅಂದ್ರ ನಿನಗೂ ಕೆಟ್ಟೈತೇನ? ಬಂದ್ಬಿಡು, ನಾ ಕರ್ಕೊಂಡು ಹೋಗ್ತೀನಿ." ನಾಳೆ, ನಾಡಿದ್ದು ಅನ್ನುತ್ತಿದ್ದೆ. ಇವರನ್ನು ಬಿಟ್ಟು ಹೋಗಿ ಮಲಗುವುದಕ್ಕೆ ಮನಸ್ಸು ಒಪ್ಪುತ್ತಿರಲಿಲ್ಲ. ಅಷ್ಟು ಸಿಟ್ಟಿದ್ದರೂ ಒಪ್ಪುತ್ತಿರಲಿಲ್ಲ ಎಂಬುದೇ ಇನ್ನೂ ಸಿಟ್ಟು ತರಿಸುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಕ್ಯಾಸನೂರಿನ ಕಡೆ ಒಂದು ಮನೆಗೆ ಹೋದೆ. ಆ ಮನೆಯ ಹೆಂಗಸು ಸೌದೆಗೆ ಹೊರಟು ನಿಂತಿದ್ದಳು. ಕಾಲು ನೋಡಿದೆ, ಎಣ್ಣೆಯ ಪಸೆಯೂ ಇಲ್ಲ. "ಎಷ್ಟು ಸಲ ಹೇಳಬೇಕು?" ಎಂದು ಗದರಿದೆ.

ಅವಳು ನಗುನಗುತ್ತಲೇ, "ಮಂಗನ ಕಾಯ್ಲೆಗೆ ಹೊಸ ಲಸಿಕೆ ಬರ್ತದಂತಲ್ಲ ಅಮ್ಮ, ಅದು ಬಂದ ಮೇಲೆ ಒಂದೇ ಸಲ ಹಾಕ್ಸಿಕೊಂಡ್ರಾತು ಅಂತ ಕೂತೀವಿ. ನೀವೂ ಅಂಗೇ ಅಂತಲ್ಲ? ಹೊಸ ಮಿಷನ್ ಬರ್ಲಿ ಅಂತ ಆಪ್ರೇಷನ್ ಬಿಟ್ಟು ಕೂತೀರಂತೆ" ಅಂದಳು.

ಹೊರಗೆ ಬಂದು ಜಗಲಿಯ ಮೇಲೆ ಕೂತು ಚಪ್ಪಲಿ ಕಳಚಿ ನೋಡಿದೆ. ಗಾಯದ ಪಕ್ಕದ ಬೆರಳಿನ ತುದಿ ನೀಲಿಗಪ್ಪಾಗಿತ್ತು. ಮುಟ್ಟಿದರೆ ತಣ್ಣಗಿತ್ತು. ಆಗ ನಿಜವಾಗಿ ಹೆದರಿಕೆಯಾಯಿತು. ಅಲ್ಲಿಂದಲೇ ಆಸ್ಪತ್ರೆಗೂ ತಂಗಿಗೂ ಫೋನ್ ಮಾಡಿದೆ.

ಮರುದಿನ ಚೀಲ ಹಿಡಿದು ಅಂಗಡಿಗೇ ಹೋಗಿ, "ನಾನು ಶಿವಮೊಗ್ಗಕ್ಕ ಹೊಂಟೀನಿ. ಬರೋದಿದ್ರ ಬರ್ರಿ" ಅಂದೆ. ಇವರು ಸ್ಟೇಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಂತಿ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ. "ಒಂದ್ ನಾಕ್ ದಿನ..." ಎಂದು ಏನೋ ಶುರುಮಾಡಿದರು. ಪೂರ್ತಿ ಕೇಳಲು ನಾನು ನಿಲ್ಲಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದಾಗಲೂ ಹಾಗೇ ಕೂತಿದ್ದರು. ಅಂಥ ಮೊಂಡುತನವನ್ನು ನಾನು ಮಂಗನಲ್ಲೂ ಕಂಡಿಲ್ಲ. ಶಿಕಾರಿಪುರದಲ್ಲಿ ತಂಗಿ ಬಸ್ಸು ಹತ್ತಿ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಾಗ ಅಳು ಬಂತು. ಅವಳು ಇವರನ್ನು ಬೈಯಲು ಶುರುಮಾಡಿದಳು, ಅದರಿಂದ ಸ್ವಲ್ಪ ಹಗುರವಾಯಿತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ, "ಯಜಮಾನ್ರು ಎಲ್ಲಿ?" ಎಂದು. ಸಹಿಗೆ ಯಜಮಾನರು ಬೇಕಂತೆ. ನನಗೆ ಸಹಿ ಮಾಡಲು ಬರುತ್ತದೆ ಅಂದೆ. ಕೌಂಟರಿನ ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಆಗಬಹುದು ಅಂದಳು. ಇಷ್ಟು ದಿನವೂ ಆಗಬಹುದಾಗಿತ್ತು ಎಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿದರು. ತೊಡೆಸಂದಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಎಚ್ಚರವಾಗಿಯೇ ಇದ್ದೆ. ಪಕ್ಕದ ಪರದೆಯ ಮೇಲೆ ನನ್ನ ಕಾಲಿನ ಒಳಗು ಕಾಣುತ್ತಿತ್ತು. ಶಿಕಾರಿಪುರದಲ್ಲಿ ನೋಡಿದ್ದ ಅದೇ ಡಾಕ್ಟರು, ಎಕ್ಸ್-ರೇ ತಡೆಯುವ ಸೀಸದ ಭಾರದ ಅಂಗಿ ತೊಟ್ಟು, ಕೂದಲೆಳೆಯಂಥ ತಂತಿಯನ್ನು ಎರಡು ಬೆರಳಲ್ಲಿ ಹೊರಳಿಸುತ್ತ ಒಳಗೆ ಬಿಡುತ್ತಿದ್ದರು. ಮಾತಿಗೆಂದು ಮಣಿಯ ವಿಷಯ ಕೇಳಿದೆ.

ಅವರು ನಕ್ಕರು. "ನಾನೂ ನೋಡಿದೀನಿ. ಬಂದ್ರೆ ಮೊದಲು ಖುಷಿ ಪಡೋನೇ ನಾನು, ಈ ಸೀಸದ ಅಂಗಿ ಹೊತ್ತು ಬೆನ್ನು ಹೋಗಿದೆ. ಆದ್ರೆ ಅದು ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಕರಗಿಸೋಕೆ ಅಂತ ಮಾಡ್ತಿರೋದು. ನಿಮ್ಮದು ಹೆಪ್ಪಲ್ಲ, ನಲ್ಲಿಯೊಳಗೆ ಸುಣ್ಣ ಕಟ್ತದಲ್ಲ, ಹಾಗೆ ವರ್ಷಗಟ್ಟಲೆ ಕಟ್ಟಿರೋದು. ಅದನ್ನ ಆ ಮಣಿ ಕರಗಿಸಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಬಾರದ ಮಣಿಗಾಗಿ ಕಾದದ್ದು ಒಂದು, ಬಂದರೂ ಕೆಲಸಕ್ಕೆ ಬಾರದ ಮಣಿಗಾಗಿ ಕಾದದ್ದು ಇನ್ನೊಂದು. ಯಾರಿಗೆ ಹೇಳೋಣ?

ಆಮೇಲೆ ಡಾಕ್ಟರು ಪರದೆ ನೋಡುತ್ತಲೇ ಅಂದರು: "ನಿಮ್ಮ ಯಜಮಾನ್ರು ಗಟ್ಟಿ ಮನುಷ್ಯ ಕಣ್ರೀ. ತಂತಿ ದಾಟದೇ ಇದ್ರೆ ಮೊಣಕಾಲಿನ ಕೆಳಗೆ ಕಾಲು ತೆಗೀಬೇಕಾಗಬಹುದು ಅಂತ ಅವತ್ತು ಹೇಳ್ದಾಗ, ಅವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ ಸರ್ ಅಂದಿದ್ರು. ನೀವೂ ಧೈರ್ಯವಾಗಿ ಬಂದಿದೀರಿ, ಒಳ್ಳೇದು."

ಅಲುಗಾಡಬಾರದು ಎಂದು ಹೇಳಿದ್ದರು. ಸಿಟ್ಟು ನೆತ್ತಿಗೇರಿದಾಗ ಅಲುಗಾಡದೆ ಮಲಗಿ ನೋಡಿ, ಗೊತ್ತಾಗುತ್ತದೆ. ಕಾಲು ನನ್ನದು. ರೋಗ ನನ್ನದು. ಸಕ್ಕರೆ ಕಾಯಿಲೆಯವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂದಲು ಬೆಳ್ಳಗಾದವಳು ನಾನು. ನನ್ನನ್ನು ಬಾಗಿಲಾಚೆ ಕೂರಿಸಿ, ಮೋಟರು ಸುತ್ತುವ ಮನುಷ್ಯನಿಗೆ ನನ್ನ ಕಾಲಿನ ಸುದ್ದಿ ಹೇಳಿದ್ದಾರೆ. ಆ ಮನುಷ್ಯ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರಿಗೆಲ್ಲ ಬಾಳೆಹಣ್ಣಿನ ಪಾಠ ಮಾಡಿದ್ದಾರೆ. ಇಬ್ಬರಿಗೂ ಬೈಯಬೇಕಿತ್ತು. ಒಬ್ಬರು ಎದುರಿಗಿರಲಿಲ್ಲ, ಇನ್ನೊಬ್ಬರ ಕೈಯಲ್ಲಿ ನನ್ನ ರಕ್ತನಾಳವಿತ್ತು.

ಅಷ್ಟರಲ್ಲಿ ತಂತಿ ನಿಂತಿತು. ಪರದೆಯ ಮೇಲೆ ಅದರ ತುದಿ ಒಂದೇ ಕಡೆ ಬಾಗಿ ಬಾಗಿ ಹಿಂದೆ ಬರುತ್ತಿತ್ತು. ಡಾಕ್ಟರು ಮಾತು ನಿಲ್ಲಿಸಿದರು. ಬೇರೆ ತಂತಿ ಕೇಳಿದರು. ಅದೂ ನಿಂತಿತು. ನಾನು ಬೆರಳುಗಳನ್ನು ನೋಡಲು ಪ್ರಯತ್ನಿಸಿದೆ, ಹಸಿರು ಬಟ್ಟೆ ಅಡ್ಡವಿತ್ತು. ನಾಳೆಯಿಂದ ಕ್ಯಾಸನೂರಿನ ಏರನ್ನು ಯಾರು ಹತ್ತುತ್ತಾರೆ ಎಂದು ಯೋಚಿಸಿದೆ. ಇದ್ದ ದೇವರನ್ನೆಲ್ಲ ಕರೆದೆ, ಒಂದಿಬ್ಬರನ್ನು ಬೈದೆ ಕೂಡ.

ಡಾಕ್ಟರು ಉಸಿರು ಬಿಟ್ಟದ್ದು ಕೇಳಿಸಿತು. ತಂತಿ ಆ ಕಡೆ ಇತ್ತು. ಆಮೇಲಿನದೆಲ್ಲ ಬೇಗ ಮುಗಿಯಿತು. ಬಲೂನು ಹಿಗ್ಗಿದಾಗ ತೊಡೆಯೊಳಗೆ ಹಿಂಡಿದಂತಾಯಿತು, ಕೊಳವೆ ಕೂತಿತು, ಬಣ್ಣದ ಔಷಧ ಬಿಟ್ಟಾಗ ಬಿಸಿ ಮೊಣಕಾಲು ದಾಟಿ ಪಾದದ ತನಕ ಇಳಿಯಿತು. "ಬೆರಳೂ ಉಳೀತದೆ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಹೇಳಕ್ಕಾಗ್ತಿರ್ಲಿಲ್ಲ" ಅಂದರು ಡಾಕ್ಟರು.

ಇವರು ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಿಯ ತೋಳಿಗೆ ಇನ್ನೂ ವಾರ್ನಿಶ್ ಅಂಟಿಕೊಂಡಿತ್ತು. ಬಾಗಿಲಲ್ಲೇ ನಿಂತು ಹೊದಿಕೆಯ ಕೆಳಗೆ ಎರಡು ಪಾದಗಳ ಉಬ್ಬು ಕಾಣುತ್ತದೆಯೇ ಎಂದು ನೋಡಿದರು. ಕಂಡಮೇಲೆ ಒಳಗೆ ಬಂದರು. ತಂಗಿ ಎದ್ದು ಹೊರಗೆ ಹೋದಳು.

"ನಂಗ ಯಾಕ ಹೇಳ್ಲಿಲ್ಲ?" ಅಂದೆ.

"ಬಾಯಿ ಬರ್ಲಿಲ್ಲ. ದಿನಾ ಇವತ್ತು ಹೇಳ್ತೀನಿ ಅಂದ್ಕಂಡೆ. ಕಾಲು ತೆಗೀತಾರಂತೆ ಅಂತ ನಿಂಗೆ ಹೆಂಗೆ ಹೇಳ್ಲಿ? ಅಷ್ಟರಲ್ಲಿ ಆ ವಿಡಿಯೋ ಬಂತು. ತಂತಿ ದಾಟ್ದಿದ್ರೆ ಅನ್ನೋದೇ ಇರಲ್ಲ ಅಲ್ಲಿ, ತೆಗೆಯೋದು ಕತ್ತರ್ಸೋದು ಎಂತದೂ ಇಲ್ಲ. ಅದೇ ಬಂದ್ಬಿಡ್ಲಿ ಅಂತ..."

"ತೇಪೆ ಗೀಪೆ ಅಂತಿದ್ದದ್ದು?"

"ಸುಮ್ನೆ ಅಂದಿದ್ದು."

ಕೇಳಿ ಕರುಳು ಚುರಕ್ ಅನ್ನಬೇಕಿತ್ತು ಎಂದು ಓದುವವರು ಅಂದುಕೊಳ್ಳಬಹುದು. ಅನ್ನಲಿಲ್ಲ. ನಿಮ್ಮ ಹೆದರಿಕೆಗೆ ನನ್ನ ಕಾಲು ಅಡವಿಟ್ಟಿರಲ್ಲ, ಒಬ್ಬರೇ ನುಂಗಿಕೊಳ್ಳಲು ಅದೇನು ಪೆಪ್ಪರಮಿಂಟೇ, ಇನ್ನೊಬ್ಬರ ದೇಹದ ಸುದ್ದಿಯನ್ನು ಬಚ್ಚಿಡಲು ನೀವು ಯಾರು ಎಂದು ಪಕ್ಕದ ಹಾಸಿಗೆಯವರಿಗೂ ಕೇಳುವ ಹಾಗೆ ಬೈದೆ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೊದಿಕೆಯ ಕೆಳಗೆ ಕೈಹಾಕಿ ಎಡಪಾದವನ್ನು ಮುಟ್ಟಿ ನೋಡಿ, ಹಾಗೇ ಹಿಡಿದುಕೊಂಡು ಕೂತರು. ನಾನು ಬೈಯುವುದನ್ನು ಮುಂದುವರಿಸಿದೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಎರಡೂ ಕಾಲುಗಳಿಗೆ ಮತ್ತೆ ಸ್ಕ್ಯಾನ್ ಮಾಡಿದರು. ಕೈ ಒರೆಸಿಕೊಳ್ಳುತ್ತ, "ಯಜಮಾನ್ರನ್ನ ಸ್ವಲ್ಪ ಒಳಗೆ ಕರೀರಿ" ಅಂದರು.

"ಕಾಲು ನಂದು ಡಾಕ್ಟ್ರೇ. ಏನಿದ್ರೂ ನಂಗೇ ಹೇಳ್ರಿ" ಅಂದೆ.

ಅವರು ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತು ನನಗೇ ಹೇಳಿದರು. ಬಲಗಾಲಿನಲ್ಲೂ ಕಟ್ಟುತ್ತಿದೆ. ಅದು ಮೊಣಕಾಲಿಗಿಂತ ಕೆಳಗೆ, ತೀರಾ ಸಣ್ಣ ನಾಳಗಳಲ್ಲಿ. ಈಗಲೇ ಏನೂ ಮಾಡುವಂತಿಲ್ಲ. ಮಾತ್ರೆ ತಪ್ಪಿಸದಿದ್ದರೆ, ಸಕ್ಕರೆ ಹಿಡಿತದಲ್ಲಿದ್ದರೆ, ದಿನಾ ನಡೆದರೆ ಹೀಗೇ ಉಳಿಯಬಹುದು. ಪೂರ್ತಿ ಕಟ್ಟಿದರೆ ಮಾತ್ರ ಅಲ್ಲಿ ತಂತಿ ದಾಟುವ ಭರವಸೆ ಕಡಿಮೆ. ಎಲ್ಲವನ್ನೂ ಬಿಡಿಸಿ ಹೇಳಿದರು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು. ಥ್ಯಾಂಕ್ಸ್ ಹೇಳಿ ಎದ್ದೆ.

ಹೊರಗೆ ಬಂದಾಗ ಇವರು ಬೆಂಚಿನಿಂದ ಗಡಬಡಿಸಿ ಎದ್ದು ನಿಂತರು. ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದರಲ್ಲಿ ಮಾತ್ರೆಯ ಪೊಟ್ಟಣ. ಈ ದಿನಗಳಲ್ಲಿ ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು.

"ಎಂತ ಅಂದ್ರು?" ಅಂದರು.

ಹೇಳಲು ಬಾಯಿ ತೆರೆದೆ.

"ಮಾತ್ರೆ ಬಿಡಬಾರದಂತ" ಅಂದೆ. "ದಿನಾ ನಡೀಬೇಕಂತ."

"ಅಷ್ಟೇಯಾ? ಬೇರೆ ಎಂತದೂ ಇಲ್ವಾ?"

"ಇಲ್ರೀ. ಇನ್ನೇನ ಇರತೈತಿ? ಬಿರಬಿರನೆ ನಡೀರಿ, ಬಸ್ಸು ತಪ್ಪತೈತಿ" ಎಂದು ರೇಗಿದೆ.